ಪಿಟ್ಸ್‌ಬರ್ಗ್‌ನ (ಅಮೆರಿಕದ ಊರು) 'ಸ್ಟ್ರಾಂಗರ್ ದ್ಯಾನ್ ಹೇಟ್' (ದ್ವೇಷಕ್ಕಿಂತ ಬಲಶಾಲಿ) ಟೀ ಶರ್ಟ್, 4/5

ಆನ್‌ಲೈನಲ್ಲಿ ತರಿಸ್ಕೊಂಡೆ, ಬಟ್ಟೆ ಚೆನ್ನಾಗೇ ಇದೆ, ಆದ್ರೆ ನಾಲ್ಕೈದು ಸಲ ಒಗೆಯೋದ್ರಲ್ಲಿ ಪ್ರಿಂಟ್ ಸ್ವಲ್ಪ ಬಿರುಕು ಬಿಡ್ತು, ಅದಕ್ಕೇ ಒಂದು ಸ್ಟಾರ್ ಕಟ್. ಸೈಜ್ ಒಂದು ನಂಬರ್ ದೊಡ್ಡದೇ ತಗೊಳ್ಳಿ (ನಮ್ ಹೊಟ್ಟೆಗಂತೂ ಬೇಕೇ ಬೇಕು).

ಡಿಸೈನ್ ಏನಪ್ಪಾ ಅಂದ್ರೆ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮ್ ಸ್ಟೀಲರ್ಸ್ ಲೋಗೋ ಇದ್ಯಲ್ಲ, ಅದ್ರಲ್ಲಿ ಒಂದು ನಕ್ಷತ್ರ ತೆಗ್ದು ಯಹೂದಿಗಳ ಆರು ಮೂಲೆ ನಕ್ಷತ್ರ ಹಾಕಿದಾರೆ ಅಷ್ಟೇ. 2018 ಅಕ್ಟೋಬರ್ 27, ಶನಿವಾರ ಬೆಳಿಗ್ಗೆ ಅಲ್ಲಿನ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಪ್ರಾರ್ಥನೆಗೆ ಬಂದಿದ್ದ 11 ಜನರನ್ನ ಒಬ್ಬ ಗುಂಡಿಟ್ಟು ಕೊಂದ, ಆಮೇಲೆ ಇದು ಊರಲ್ಲೆಲ್ಲಾ ಕಿಟಕಿ, ಅಂಗಡಿ ಬಾಗಿಲಲ್ಲಿ ಕಾಣಿಸ್ಕೊಳ್ತು.

ನಂಗೆ ಹಿಡಿಸಿದ್ದು ಅದರ ಹಿಂದಿನ ಕಥೆ. ಆ ಕಟ್ಟಡದಲ್ಲಿ ಮೂರು ಬೇರೆಬೇರೆ ಯಹೂದಿ ಪ್ರಾರ್ಥನಾ ಗುಂಪುಗಳು ಸೇರ್ತಿದ್ವು, ಸತ್ತೋರಲ್ಲಿ ಮೂರೂ ಗುಂಪಿನೋರು ಇದ್ರು. ಮುಸ್ಲಿಮರು ದುಡ್ಡು ಎತ್ತಿಕೊಟ್ರು, ಗುಂಡು ಹೊಡೆದೋನಿಗೆ ಆಸ್ಪತ್ರೇಲಿ ಆರೈಕೆ ಮಾಡಿದ್ದೂ ಒಬ್ಬ ಯಹೂದಿ ನರ್ಸು! 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳ ಮೇಲೆ ದಾಳಿ ಆದಾಗ ಇದೇ ಟ್ರೀ ಆಫ್ ಲೈಫ್‌ನೋರು ಅಲ್ಲಿಯವರಿಗೋಸ್ಕರ ಚಂದಾ ಎತ್ತಿದ್ರು, ತಮ್ಮ ಗಾಯ ಇನ್ನೂ ಹಸಿಯಾಗಿದ್ದಾಗ್ಲೇ.

ತಗೊಳ್ಳೋರು ಕಪ್ಪು ಬಣ್ಣದ್ದೇ ತಗೊಳ್ಳಿ, ಒಳಗೆ ಹೊರಗೆ ಮಾಡಿ ತಣ್ಣೀರಲ್ಲಿ ಒಗೀರಿ.