ಬಾಡಿಗೆ ಕಾರಿಗೆ ‘ಫುಲ್ ಇನ್ಶೂರೆನ್ಸ್ ಇದೆ’ ಎಂಬ ಮಾತು ನಂಬಿ ಹೊರಡಬೇಡಿ

ಬೆಳಗಾವಿಯಲ್ಲಿ ಸೆಲ್ಫ್ ಡ್ರೈವ್ ಕಾರು ಹಿಡಿದು ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ, ಕೂಡಲಸಂಗಮದ ಮೇಲೆ ವಿಜಯಪುರಕ್ಕೆ ಹೋಗಿಬರುವವರಿಗೆ ಈ ಎಚ್ಚರಿಕೆ. ಈ ದಾರಿಯಲ್ಲಿ ಬಾಡಿಗೆದಾರರ ಕಿಸೆ ಖಾಲಿ ಮಾಡಲು ದೊಡ್ಡ ಅಪಘಾತವೇ ಆಗಬೇಕಿಲ್ಲ. ಊರ ಮುಂದಿನ ಒಂದು ಹಂಪ್ ಸಾಕು.

ಆಗುವುದು ಹೀಗೆ. ಸಣ್ಣ ಹ್ಯಾಚ್‌ಬ್ಯಾಕ್, ಒಳಗೆ ಐದು ಜನ, ಹಿಂದೆ ಲಗೇಜು. ಖಾಲಿ ಇದ್ದಾಗ ನೆಲದಿಂದ ಸುಮಾರು 165–170 ಮಿಲಿಮೀಟರ್ ಮೇಲಿರುವ ಕಾರಿನ ತಳ, ಭಾರಕ್ಕೆ ಇನ್ನೂ ಕೆಳಗಿಳಿದಿರುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಹಳ್ಳಿಯವರು ಮಕ್ಕಳ ಜೀವಕ್ಕೆ ಹೆದರಿ ಹಾಕಿಸಿಕೊಂಡ ಎಷ್ಟೋ ಹಂಪ್‌ಗಳಿಗೆ ಆ ಅಳತೆಯೂ ಇಲ್ಲ, ಬಿಳಿ ಪಟ್ಟಿಯೂ ಇಲ್ಲ. ಅವರನ್ನು ದೂರುವಂತಿಲ್ಲ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆಗಳಿವು. ಕಾರಿನ ಕೆಳಗೆ ದಡ್ ಎಂದು ಸದ್ದಾಗುತ್ತದೆ, ಆದರೂ ಕಾರು ಓಡುತ್ತಲೇ ಇರುವುದರಿಂದ ಯಾರೂ ಇಳಿದು ನೋಡುವುದಿಲ್ಲ. ಒಡೆದಿರುವುದು ಎಂಜಿನ್ ತಳದ ಆಯಿಲ್ ಸಂಪ್, ಮೆಕ್ಯಾನಿಕ್‌ಗಳ ಬಾಯಲ್ಲಿ ‘ಚೇಂಬರ್’. ಒಳಗಿನ ಮೂರ್ನಾಲ್ಕು ಲೀಟರ್ ಆಯಿಲ್ ಸೋರುತ್ತ ಹೋಗಿ ಡ್ಯಾಶ್‌ಬೋರ್ಡ್‌ನಲ್ಲಿ ಎಣ್ಣೆ ಕುಪ್ಪಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ‘ಮುಂದಿನ ಊರಲ್ಲಿ ಗ್ಯಾರೇಜ್ ಸಿಗುತ್ತದೆ’ ಎಂದು ಓಡಿಸಿದ ಆ ನಾಲ್ಕೈದು ಕಿಲೋಮೀಟರ್‌ನಲ್ಲಿ ಬೇರಿಂಗ್‌ಗಳಿಗೆ ಎಣ್ಣೆ ಸಿಗದೆ ಎಂಜಿನ್ ಬಿಗಿದು ಸೀಜ್ ಆಗುತ್ತದೆ. ಕೆಲವು ಸಾವಿರಕ್ಕೆ ಮುಗಿಯುತ್ತಿದ್ದ ರಿಪೇರಿ ಎಂಜಿನ್ ಬಿಚ್ಚುವ ಕೆಲಸಕ್ಕೆ ಬಂದು ನಿಲ್ಲುತ್ತದೆ.

ಇನ್ಶೂರೆನ್ಸ್ ಕೈಬಿಡುವುದು ಸರಿಯಾಗಿ ಇಲ್ಲೇ. ಚೇಂಬರ್ ಒಡೆದದ್ದು ಹೊರಗಿನ ಹೊಡೆತ, ಅದಕ್ಕೆ ಕ್ಲೇಮ್ ಇದೆ. ಆಮೇಲೆ ಓಡಿಸಿದ್ದರಿಂದ ಎಂಜಿನ್ ಹೋದದ್ದನ್ನು ‘ಕಾನ್ಸಿಕ್ವೆನ್ಷಿಯಲ್ ಲಾಸ್’ (ಮೊದಲ ಹಾನಿಯ ಪರಿಣಾಮವಾಗಿ ಆಮೇಲೆ ಆದ ನಷ್ಟ) ಎಂದು ಬರೆದು ತಳ್ಳಿಹಾಕುತ್ತಾರೆ. ಮಳೆಗಾಲದಲ್ಲಿ ಚಿಕ್ಕೋಡಿ, ನಿಪ್ಪಾಣಿ ಕಡೆ ಹೋದವರಿಗೂ ಇದೇ ಗತಿ. ಕಲ್ಲೋಳ–ಯಡೂರ ಸೇತುವೆಯಂಥವು ಕೃಷ್ಣೆ ಉಕ್ಕಿದಾಗ ಮುಳುಗುತ್ತವೆ. ನೀರಿಗಿಳಿದು ಬಂದ್ ಬಿದ್ದ ಕಾರಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಸಿಲಿಂಡರ್‌ಗೆ ಹೊಕ್ಕ ನೀರು ಕನೆಕ್ಟಿಂಗ್ ರಾಡ್ ಬಗ್ಗಿಸುತ್ತದೆ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ಇದಕ್ಕೆ ಬಿಡಿಗಾಸೂ ಬರುವುದಿಲ್ಲ. ಕೆಂಪು ದೀಪ ಕಂಡರೆ, ನೀರಲ್ಲಿ ಬಂದ್ ಬಿದ್ದರೆ, ಮಾಡಬೇಕಾದದ್ದು ಒಂದೇ: ಕೀ ಆಫ್ ಮಾಡಿ ಟೋಯಿಂಗ್‌ಗೆ ಫೋನ್ ಮಾಡುವುದು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯಕ್ಕೆ 1033.

ಕ್ಲೇಮ್ ಸಿಕ್ಕರೂ ಪೂರ್ತಿ ಹಣ ಬರುವುದಿಲ್ಲ. ಪ್ರತಿ ಕ್ಲೇಮ್‌ನಲ್ಲೂ ‘ಕಂಪಲ್ಸರಿ ಎಕ್ಸೆಸ್’, ಅಂದರೆ ಪಾಲಿಸಿದಾರ ತಾನೇ ಭರಿಸಬೇಕಾದ ಕಡ್ಡಾಯ ಪಾಲು ಕಳೆಯುತ್ತಾರೆ. ಖಾಸಗಿ ಕಾರಿಗೆ ಅದು 1,500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000. ಬಾಡಿಗೆ ಕಾರಿನದು ಬೇರೆಯಿರಬಹುದು, ಪಾಲಿಸಿಯ ಷೆಡ್ಯೂಲ್ ಪುಟದಲ್ಲೇ ನೋಡಿ. ಪ್ರೀಮಿಯಂ ಉಳಿಸಲು ಮಾಲೀಕ ‘ವಾಲಂಟರಿ ಎಕ್ಸೆಸ್’ ಒಪ್ಪಿಕೊಂಡಿದ್ದರೆ ಅದೂ ಮೇಲೆ ಸೇರುತ್ತದೆ. ಇದರ ಜೊತೆಗೆ ಸವಕಳಿ, ಅಂದರೆ ಭಾಗ ಹಳೆಯದಾಗಿದ್ದಕ್ಕೆ ಕಳೆಯುವ ಬೆಲೆ: ಪ್ಲಾಸ್ಟಿಕ್, ರಬ್ಬರ್ ಭಾಗಗಳು, ಟೈರ್, ಬ್ಯಾಟರಿಗೆ 50 ಪರ್ಸೆಂಟ್, ಗಾಜಿಗೆ ಇಲ್ಲ, ಕಬ್ಬಿಣದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ. 8,000 ರೂಪಾಯಿಯ ಬಂಪರ್, 2,000 ರೂಪಾಯಿ ಲೇಬರ್ ಎಂದಿಟ್ಟುಕೊಳ್ಳಿ. ಸವಕಳಿಗೆ 4,000, ಎಕ್ಸೆಸ್‌ಗೆ 1,000 ಹೋಗಿ 10,000 ಬಿಲ್ಲಿಗೆ ಕಂಪನಿ ಕೊಡುವುದು 5,000. ‘ಝೀರೋ ಡೆಪ್’ ಎಂಬ ಹೆಚ್ಚುವರಿ ಕವರ್ ಇದ್ದರೆ ಸವಕಳಿ ಕಳೆಯುವುದಿಲ್ಲ, ಎಕ್ಸೆಸ್ ಮಾತ್ರ ಕಳೆಯುತ್ತಾರೆ.

ಬಾಡಿಗೆದಾರರಿಗೆ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿದೆ, ಬಾಡಿಗೆ ಕರಾರು. ಪಾಲಿಸಿ ಮಾಲೀಕ ಮತ್ತು ಇನ್ಶೂರೆನ್ಸ್ ಕಂಪನಿಯ ನಡುವಿನದು. ಹಾನಿಯಾದರೆ ನೀವು ಎಷ್ಟು ಕಟ್ಟಬೇಕು ಎಂದು ಹೇಳುವುದು ಕರಾರು. ‘ಗರಿಷ್ಠ ಇಷ್ಟು’ ಎಂದು ಮಿತಿ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಟೈರ್, ರಿಮ್, ಗಾಜು, ಕ್ಲಚ್, ಕಾರಿನ ತಳಭಾಗ, ಕೀ ಕಳೆದದ್ದು ಮಿತಿಯ ಹೊರಗೆ ಎಂದು ಬರೆದಿರುವುದು ಸಾಮಾನ್ಯ. ಇಲ್ಲಿನ ರಸ್ತೆಗಳಲ್ಲಿ ಹಾಳಾಗುವುದೂ ಅವೇ. ಚೋರ್ಲಾ ಘಾಟಿನ ಏರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಕಾರು ನಿಲ್ಲಿಸಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಅದನ್ನು ಪಾಲಿಸಿ ಸವೆತ ಎನ್ನುತ್ತದೆ, ಕರಾರು ನಿಮ್ಮ ತಪ್ಪು ಎನ್ನುತ್ತದೆ. ಕಾರು ಗ್ಯಾರೇಜಿನಲ್ಲಿದ್ದಷ್ಟು ದಿನದ ಬಾಡಿಗೆ, ಟೋಯಿಂಗ್ ಖರ್ಚು ಕೂಡ ನಿಮ್ಮದೇ ಎಂಬ ಸಾಲು ಇದೆಯೇ ಹುಡುಕಿ. ರಾಜ್ಯದ ಗಡಿ ದಾಟಬಾರದು ಎಂಬ ಷರತ್ತಿದ್ದರೆ ಕೊಲ್ಹಾಪುರ, ಗೋವಾ ಕಡೆ ತಿರುಗುವ ಮುನ್ನ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಬಿಳಿ ಬೋರ್ಡಿನ ಕಾರನ್ನು ಕಡಿಮೆ ಬಾಡಿಗೆಗೆ ಕೊಟ್ಟರೆ, ದಯವಿಟ್ಟು ಬೇಡ ಅನ್ನಿ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಬಳಕೆ ಹೊರಗಿಟ್ಟಿರುತ್ತಾರೆ. ಹೀಗಾಗಿ ಕಾರಿನ ರಿಪೇರಿ ಕ್ಲೇಮ್ ತಿರಸ್ಕಾರವಾಗುವುದಷ್ಟೇ ಅಲ್ಲ, ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆ ಮಾಲೀಕ ಮತ್ತು ಓಡಿಸಿದವರ ತಲೆಗೆ ಬರಬಹುದು. ‘ಫ್ರೆಂಡ್ ಕಾರು ಅಂತ ಹೇಳಿ’ ಎಂದು ಹೇಳಿಕೊಟ್ಟರೆ, ಸುಳ್ಳು ಹೇಳಿಕೆಯ ಹೊಣೆಯೂ ನಿಮ್ಮದೇ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಾಹನದ ವರ್ಗ, ಇನ್ಶೂರೆನ್ಸ್ ಮುಗಿಯುವ ದಿನ, ಫಿಟ್‌ನೆಸ್ ನೋಡಲು ಎರಡು ನಿಮಿಷ ಸಾಕು.

ಸುಗ್ಗಿ ದಿನಗಳಲ್ಲಿ ಇನ್ನೊಂದು ಅಪಾಯ. ರೈತರು ತೊಗರಿ, ಹುರುಳಿ, ಸಜ್ಜೆ ರಾಶಿಗೆ ರಸ್ತೆಯ ಮೇಲೇ ಹರಡುತ್ತಾರೆ. ಒಣ ಬಳ್ಳಿ, ಹೊಟ್ಟು ಡ್ರೈವ್ ಶಾಫ್ಟ್‌ಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ತಾಗಿ ಕಾರುಗಳು ಹೊತ್ತಿ ಉರಿದದ್ದಿದೆ. ಬದಿಗೆ ಜಾಗವಿದ್ದರೆ ಅಲ್ಲಿಂದಲೇ ದಾಟಿ. ತುಳಿಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ಹೊಟ್ಟಿನಿಂದ ದೂರ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರನ್ನೂ ಇಳಿಸಿ. ಬಾದಾಮಿಯ ಗುಹೆಗಳ ಬಳಿಯ ಮಂಗಗಳು ವೈಪರ್, ಆಂಟೆನಾಗೆ ಕೈ ಹಾಕುತ್ತವೆ. ತಿನಿಸು ಕಾಣುವಂತೆ ಇಟ್ಟು ಹೋಗಬೇಡಿ.

ಕಾರು ಪಡೆಯುವಾಗ ಹಗಲು ಬೆಳಕಿನಲ್ಲಿ ವಿಡಿಯೊ ಮಾಡಿ, ಮಾಲೀಕನ ಕಡೆಯವರ ಎದುರೇ. ನಂಬರ್ ಪ್ಲೇಟ್‌ನಿಂದ ಶುರು ಮಾಡಿ ನಿಲ್ಲಿಸದೆ ಒಂದು ಸುತ್ತು ಬನ್ನಿ. ನಾಲ್ಕೂ ರಿಮ್‌ಗಳ ಅಂಚು, ಟೈರ್‌ಗಳ ಬದಿಯ ಉಬ್ಬು, ಬಂಪರ್‌ನ ಕೆಳ ಅಂಚು, ಮುಂದಿನ ಗಾಜಿನ ಸಣ್ಣ ಚುಕ್ಕೆ, ಸ್ಟೆಪ್ನಿ, ಜ್ಯಾಕ್, ಆಮೇಲೆ ಫೋನನ್ನು ನೆಲಕ್ಕಿಟ್ಟು ಕಾರಿನ ತಳ. ತಳದ ವಿಡಿಯೊ ಬಹಳ ಜನ ಬಿಡುತ್ತಾರೆ. ಹಳೆಯ ಚೇಂಬರ್ ಏಟಿನ ದುಡ್ಡು ಕಟ್ಟಬೇಕಾಗುವುದು ಅದಕ್ಕೇ. ಕೊನೆಗೆ ಡ್ಯಾಶ್‌ಬೋರ್ಡ್‌ನ ಕಿಲೋಮೀಟರ್, ಇಂಧನ, ದೀಪಗಳು. ಅಲ್ಲೇ ನಿಂತು ವಾಟ್ಸ್ಆ್ಯಪ್‌ನಲ್ಲಿ ಮಾಲೀಕರಿಗೆ ಕಳಿಸಿ. ಕಾರು ಹಿಂತಿರುಗಿಸುವಾಗಲೂ ಇದೇ ಸುತ್ತು, ಇದೇ ಕ್ರಮ.

ಹಾನಿಯಾಗಿಯೇ ಹೋದರೆ, ಗಾಡಿ ಸರಿಸುವ ಮುನ್ನ ಫೋಟೊ ತೆಗೆದು, ಅದೇ ಹೊತ್ತಿಗೆ ಮಾಲೀಕರಿಗೆ ತಿಳಿಸಿ. ಯಾರಿಗಾದರೂ ಗಾಯವಾಗಿದ್ದರೆ ಎಲ್ಲಕ್ಕಿಂತ ಮೊದಲು 112. ಮಾಲೀಕರು ‘ಕ್ಲೇಮ್ ಬೇಡ, ಕ್ಯಾಷ್ ಕೊಟ್ಟುಬಿಡಿ’ ಎನ್ನುವುದುಂಟು, ಏಕೆಂದರೆ ಕ್ಲೇಮ್ ಮಾಡಿದರೆ ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಹೋಗುತ್ತದೆ. ಅಂದಾಜು ಚೀಟಿಗೆ ಹಣ ಕೊಡಬೇಡಿ. ಕ್ಲೇಮ್ ನಂಬರ್, ಹಾನಿ ಅಂದಾಜಿಸುವ ಸರ್ವೇಯರ್ ವರದಿ, ಜಿಎಸ್‌ಟಿ ಬಿಲ್, ತೆಗೆದ ಹಳೆ ಭಾಗದ ಫೋಟೊ ಕೇಳಿ. ಕಂಪನಿ ಕೊಟ್ಟ ಹಣ ಕಳೆದು ಉಳಿದದ್ದಕ್ಕೆ ಮಾತ್ರ ಲೆಕ್ಕ ಕೂಡಿ.

ಡಿಪಾಸಿಟ್ ತಡೆಹಿಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ದೂರು ಕೊಡಲು 2 ವರ್ಷ ಅವಕಾಶವಿದೆ. ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳವಿಲ್ಲದ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂದೇ ಕರೆಯುತ್ತದೆ; ಕರಾರನ್ನೇ ಪ್ರಶ್ನಿಸುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಎರಡು ಕಡೆಯೂ ಕೇಳುವ ದಾಖಲೆ ಅದೇ: ಸಹಿ ಮಾಡಿದ ಕರಾರಿನ ಪ್ರತಿ, ಹಣ ಕಟ್ಟಿದ ರಸೀದಿ, ದಿನಾಂಕವಿರುವ ಎರಡೂ ವಿಡಿಯೊಗಳು.