ಡ್ರಿಲ್ ಚೆನ್ನಾಗಿದೆ, ಬಿಟ್ ಬಿಡದ ಚಕ್ಕಿನದೇ ತಕರಾರು

ಈ ಬ್ಯಾಟರಿ ಹ್ಯಾಮರ್ ಡ್ರಿಲ್ ಕೊಂಡು ವರ್ಷಗಳೇ ಆದವು. ಮೋಟಾರಿನ ಬಗ್ಗೆ, ಬ್ಯಾಟರಿಯ ಬಗ್ಗೆ ನನ್ನದೊಂದು ದೂರೂ ಇಲ್ಲ. ವೋಲ್ಟು, ಆರ್‌ಪಿಎಂ ಎಲ್ಲ ಡಬ್ಬದ ಮೇಲೇ ಓದಿರುತ್ತೀರಿ, ಅದನ್ನೇ ಮತ್ತೆ ಬರೆಯುವುದಿಲ್ಲ. ನನ್ನ ತಕರಾರು ಒಂದೇ: ಕಾಂಕ್ರೀಟ್ ಕೊರೆದ ಮೇಲೆ ಇದರ ಕೀಲೆಸ್ ಚಕ್, ಅಂದರೆ ಕೀಲಿಯಿಲ್ಲದೆ ಕೈಯಲ್ಲೇ ಬಿಗಿಯುವ ಮೂತಿಯ ಹಿಡಿಕೆ, ಬಿಟ್ಟನ್ನು (ಕೊರೆಯುವ ಕಡ್ಡಿಯನ್ನು) ಬಿಡುವುದಿಲ್ಲ.

ಮರ ಕೊರೆಯುವಾಗ ಈ ಕಾಟವಿಲ್ಲ. ಚಕ್ಕಿನ ಹೊರಗಿನ ತಿರುಗುವ ಕವಚ, ಅಂದರೆ ಸ್ಲೀವ್ ಹಿಡಿದು ತಿರುಗಿಸಿದರೆ ಸಾಕು, ಬಿಟ್ ಕೈಗೆ ಬರುತ್ತದೆ. ಹ್ಯಾಮರ್ ಮೋಡಿನಲ್ಲಿ (ತಿರುಗುತ್ತಲೇ ಕುಟ್ಟುವಂತೆ ಇಟ್ಟು) ಗೋಡೆಗೆ ನಾಲ್ಕು ತೂತು ಹೊಡೆದರೆ ಕಥೆಯೇ ಬೇರೆ. ಇಂಥ ಡ್ರಿಲ್‌ಗಳಲ್ಲಿ ಚಕ್ಕನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್ಲಿನ ಜೊತೆಗೆ ಇಡೀ ಚಕ್ಕೇ ಹಿಂದಕ್ಕೂ ಮುಂದಕ್ಕೂ ಕುಟ್ಟಿಕೊಳ್ಳುತ್ತದೆ. ಆ ಅದುರಾಟಕ್ಕೂ ಬಿಟ್ಟಿನ ಎದುರೊತ್ತಡಕ್ಕೂ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ಮೂರು ದವಡೆಗಳು ಇನ್ನಷ್ಟು ಬಿಗಿಯಾಗುತ್ತಾ ಹೋಗುತ್ತವೆ. ಮೇಲಿನಿಂದ ಸಿಮೆಂಟ್ ಪುಡಿ ಉದುರಿ ದವಡೆಗಳ ಸಂದಿಗೆ ಇಳಿಯುತ್ತದೆ. ತಾರಸಿಗೆ ಕೊರೆಯುವಾಗ ಚಕ್ಕಿನ ಬಾಯಿ ಮೇಲಕ್ಕಿರುವುದರಿಂದ ಪುಡಿ ನೇರವಾಗಿ ಒಳಗೇ ಸೇರುತ್ತದೆ. ಕೆಲಸ ಮುಗಿದ ಮೇಲೆ ಬರಿಗೈಯಲ್ಲಿ ಎಷ್ಟು ತಿರುಚಿದರೂ ಸ್ಲೀವ್ ಅಲುಗುವುದಿಲ್ಲ.

ಇದರ ಜೊತೆ ಬಂದ ಪುಸ್ತಕದಲ್ಲಿ ‘ಸ್ಲೀವನ್ನು ಅಪ್ರದಕ್ಷಿಣವಾಗಿ ತಿರುಗಿಸಿ’ ಎಂದಷ್ಟೇ ಇದೆ. ತಿರುಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ನನಗೆ ಕೋಪ ಬರುವುದು ಇಲ್ಲೇ. ದಾರಿ ಹೇಳದಿದ್ದರೆ ಜನ ಸ್ಲೀವನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು ರಿವರ್ಸ್‌ನಲ್ಲಿ ಟ್ರಿಗರ್ ಒತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಕ್ ಫಕ್ಕನೆ ತಿರುಗಿದರೆ ಮಣಿಕಟ್ಟು ಉಳುಕುತ್ತದೆ, ಬಿಟ್ಟಿನ ಅಂಚು ಅಂಗೈ ಸೀಳುತ್ತದೆ.

ನಾನು ಮಾಡುವುದು ಹೀಗೆ. ಮೊದಲು ಬ್ಯಾಟರಿ ಕಳಚುತ್ತೇನೆ. ಕೊರೆದ ತಕ್ಷಣ ಬಿಟ್ ಚರ್ಮ ಸುಡುವಷ್ಟು ಬಿಸಿ ಇರುತ್ತದೆ, ಆರಲು ಬಿಡುತ್ತೇನೆ. ಆಮೇಲೆ ಡ್ರಿಲ್ಲಿನ ಮೂತಿ ಮೇಲೆ ಮಾಡಿ, ಬಿಟ್ಟಿನ ಬುಡದಲ್ಲಿ ದವಡೆಗಳ ಸಂದಿಗೆ ಡಬ್ಲ್ಯೂಡಿ-40 (ಬಿಗಿದದ್ದನ್ನು ಸಡಿಲಿಸುವ ಸ್ಪ್ರೇ) ಸ್ವಲ್ಪ ಸಿಂಪಡಿಸಿ, ಅದು ಇಳಿಯುವವರೆಗೆ ಕಾಯುತ್ತೇನೆ. ಮರದ ಸುತ್ತಿಗೆಯಿಂದ ಸ್ಲೀವಿನ ಸುತ್ತ ಮೆಲ್ಲಗೆ ತಟ್ಟಿದರೆ ಪುಡಿ ಉದುರುವುದು ಕಣ್ಣಿಗೇ ಕಾಣುತ್ತದೆ. ಹಳೆ ಸೈಕಲ್ ಟ್ಯೂಬಿನ ತುಂಡನ್ನು ಸ್ಲೀವಿಗೆ ಸುತ್ತಿ, ಅದರ ಮೇಲೆ ಪೈಪ್ ರೆಂಚ್ ಹಾಕುತ್ತೇನೆ. ಟ್ಯೂಬ್ ಇಲ್ಲದಿದ್ದರೆ ರೆಂಚಿನ ಹಲ್ಲು ಸ್ಲೀವಿನ ಪ್ಲಾಸ್ಟಿಕ್ಕನ್ನು ಕಿತ್ತುಹಾಕುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಟ್ಟಿನ ಕಡೆಯಿಂದ ನೋಡುವಾಗ ಅಪ್ರದಕ್ಷಿಣವಾಗಿ. ಒಮ್ಮೆ ‘ಟಕ್’ ಎಂದರೆ ಸಾಕು, ಮುಂದಿನದು ಕೈಯಲ್ಲೇ ಆಗುತ್ತದೆ. ನನ್ನದು ಒಂದೇ ಸ್ಲೀವಿನ ಚಕ್, ಸ್ಪಿಂಡಲ್ ತಾನೇ ಲಾಕ್ ಆಗುತ್ತದೆ. ಎರಡು ಸ್ಲೀವಿನದಾದರೆ ಹಿಂದಿನದನ್ನು ಹಿಡಿಯಲು ಇನ್ನೊಂದು ರೆಂಚ್ ಬೇಕು.

ಬಿಟ್ ಹೊರಬಂದ ಮೇಲೆ ಅದರ ಬುಡವನ್ನು ಬೆರಳಲ್ಲಿ ಸವರಿ ನೋಡಿ. ದುಂಡು ಬುಡದ ಬಿಟ್ ಒಳಗೆ ಜಾರಿದ್ದರೆ ಗೀರು ಬಿದ್ದು ಅಂಚು ಎದ್ದಿರುತ್ತದೆ. ಮತ್ತೆ ಸಿಕ್ಕಿಕೊಳ್ಳುವುದು ಅಲ್ಲೇ. ನಯವಾದ ಅರದಿಂದ ಎರಡು ಸಲ ಉಜ್ಜಿ ಸಮ ಮಾಡುತ್ತೇನೆ.

ಇಷ್ಟೆಲ್ಲ ಬೈದರೂ ಈ ಮಷಿನ್ ಮಾರಿಲ್ಲ, ಮಾರುವುದೂ ಇಲ್ಲ. ಈಗ ಸಂಜೆ ಕೆಲಸ ಮುಗಿದ ಕೂಡಲೇ ಬಿಟ್ ತೆಗೆದುಬಿಡುತ್ತೇನೆ, ರಾತ್ರಿಯಿಡೀ ಕಚ್ಚಿಕೊಂಡಿರಲು ಬಿಡುವುದಿಲ್ಲ. ಚಕ್ಕಿನ ಬಾಯಿ ಕೆಳಗೆ ಮಾಡಿ, ದವಡೆಗಳನ್ನು ಪೂರ್ತಿ ತೆರೆದು, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ದವಡೆ ಗುಡಿಸುತ್ತೇನೆ. ಬೂದು ಪುಡಿ ಕಾಗದದ ಮೇಲೆ ಬೀಳುತ್ತದೆ, ಲೋಹ ಮತ್ತೆ ಹೊಳೆಯುತ್ತದೆ. ಪ್ರತಿ ದವಡೆಗೂ ಒಂದು ಹನಿ ತೆಳು ಎಣ್ಣೆ ಬಿಟ್ಟು, ತೆರೆದು ಮುಚ್ಚಿ ಹೆಚ್ಚಿನದನ್ನು ಒರೆಸುತ್ತೇನೆ. ಎಣ್ಣೆ ಉಳಿದರೆ ಪುಡಿಯೇ ಅಂಟುತ್ತದೆ. ಆಗ ಸ್ಲೀವ್ ಒಂದೇ ಬೆರಳಿಗೆ ತಿರುಗುವ ಸುಖವೇ ಬೇರೆ. ಈ ಅಭ್ಯಾಸ ಶುರುವಾದಾಗಿನಿಂದ ರೆಂಚ್ ತೆಗೆಯುವ ಪ್ರಸಂಗ ಅಪರೂಪ. ಮೇಲಕ್ಕೆ ಕೊರೆಯುವಾಗ ಮೊಸರಿನ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಮಾಡಿ ಬಿಟ್ಟಿಗೆ ತೊಡಿಸುತ್ತೇನೆ, ಪುಡಿ ಅದರಲ್ಲೇ ನಿಲ್ಲುತ್ತದೆ.

ದಿನವಿಡೀ ಕಾಂಕ್ರೀಟ್ ಕೊರೆಯುವವರಿಗೆ ಈ ಡ್ರಿಲ್ ಕೊಳ್ಳಿ ಎಂದು ಹೇಳಲಾರೆ. ಅವರಿಗೆ ಎಸ್‌ಡಿಎಸ್-ಪ್ಲಸ್ ಎಂಬ ಬಿಟ್ ಸಿಕ್ಕಿಸುವ ವ್ಯವಸ್ಥೆಯಿರುವ ರೋಟರಿ ಹ್ಯಾಮರ್ರೇ ಸರಿ. ಅದರ 10 ಮಿ.ಮೀ. ಬುಡದ ಬಿಟ್ಟನ್ನು ಯಾವ ದವಡೆಯೂ ಕಚ್ಚುವುದಿಲ್ಲ, ಕಾಲರ್ ಹಿಂದಕ್ಕೆಳೆದರೆ ಬಿಟ್ ಕಳಚಿಬರುತ್ತದೆ. ನನಗೆ ಮರಗೆಲಸವೇ ಹೆಚ್ಚು, ಗೋಡೆ ಆಗೊಮ್ಮೆ ಈಗೊಮ್ಮೆ. ಅದಕ್ಕಾಗಿ ಇನ್ನೊಂದು ಮಷಿನ್ನಿಗೆ ಹಣ ಹಾಕಲು ಮನಸ್ಸಿಲ್ಲ. ದವಡೆಗಳು ಪೂರ್ತಿ ಸವೆದರೆ ಚಕ್ ಮಾತ್ರ ಬದಲಿಸುತ್ತೇನೆ. ಬಾಯಿ ತೆರೆದಾಗ ತಳದಲ್ಲಿ ಕಾಣುವ ಸ್ಕ್ರೂ ಉಲ್ಟಾ ಥ್ರೆಡ್ಡಿನದು, ಪ್ರದಕ್ಷಿಣವಾಗಿ ತಿರುಗಿಸಿದರೇ ಬಿಚ್ಚುತ್ತದೆ ಎಂಬುದು ನೆನಪಿರಲಿ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು, ಪುಸ್ತಕದಲ್ಲಿ ಇಲ್ಲದ ಆ ಸಾಲುಗಳಿಗೆ.