ಸತ್ತ ಚಿಪ್ಪಿಗೆ ಬದಲಿ ಚಿಪ್: ಮೂರು ವರ್ಷ ಬಳಸಿದ ಮೇಲೆ

ಹಳೇ ಕಂಪ್ಯೂಟರ್ ಬೋರ್ಡು ರಿಪೇರಿ ನನ್ನ ಹುಚ್ಚು. ಸತ್ತ ಚಿಪ್ಪಿನ ಜಾಗಕ್ಕೆ ಬದಲಿ ಕೂರಿಸುತ್ತಾ ಮೂರು ವರ್ಷ ಆಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಆ ಒಂದು ಸ್ಟಾರ್ ಕಳೆದುಕೊಂಡಿದ್ದು ಚಿಪ್ಪಿನ ಮೈಮೇಲಿನ ನಂಬರನ್ನು ನಂಬಿ.

ಮೊದಲ ಪೆಟ್ಟು ರ‍್ಯಾಮಿನದು. 'ಹಳೇ ಸ್ಟಾಕ್, ಒರಿಜಿನಲ್' ಅಂತ ಒಬ್ಬರು ಎಂಟು 4164 ಮೆಮೊರಿ ಚಿಪ್ ಕಳಿಸಿದರು. ಮೇಲೆ ಎಲ್ಲದಕ್ಕೂ ಒಂದೇ ಡೇಟ್ ಕೋಡ್ (ಯಾವಾಗ ತಯಾರಾಯಿತು ಅಂತ ಹೇಳುವ ನಂಬರ್). ತಿರುಗಿಸಿದರೆ ಹೊಟ್ಟೆಯ ಅಚ್ಚು ಒಂದೊಂದರದು ಒಂದೊಂದು ಥರ! ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದೆ. ಹತ್ತಿ ಕಪ್ಪಾಯಿತು, ನಂಬರ್ ಹೋಯಿತು, ಅಡಿಯಲ್ಲಿ ಬೇರೇನೋ ಅಕ್ಷರದ ನೆರಳು. ಎಂಟರಲ್ಲಿ ಓಡಿದ್ದು ಮೂರು.

ಕೊನೆಗೆ ಕೈ ಹಿಡಿದಿದ್ದು ಡಬ್ಬದಲ್ಲಿ ಬಿದ್ದಿದ್ದ 41256, ಅದಕ್ಕಿಂತ ದೊಡ್ಡ ಮೆಮೊರಿ ಚಿಪ್. ನಂಬರ್ ಬೇರೆ, ಕಾಲುಗಳು ಹೆಚ್ಚುಕಮ್ಮಿ ಅವೇ. 4164ರಲ್ಲಿ ಸಾಮಾನ್ಯವಾಗಿ ಖಾಲಿ ಇರುವ 1ನೇ ಪಿನ್ ಇದರಲ್ಲಿ ಇನ್ನೊಂದು ಅಡ್ರೆಸ್ ಲೈನ್ (ಮೆಮೊರಿಯ ಯಾವ ಜಾಗ ಅಂತ ಹೇಳುವ ಪಿನ್). ಎದುರಿಗಿರುವ 16ನೇ ಪಿನ್ ಗ್ರೌಂಡ್. ಆ ಹೆಚ್ಚಿನ ಲೈನ್ ಅತಂತ್ರವಾಗಿ ಇರದಿರಲಿ ಅಂತ ಎರಡರ ನಡುವೆ ಸಣ್ಣ ತಂತಿ ಬೆಸೆದೆ, ಅಷ್ಟೇ.

74ಎಲ್‌ಎಸ್245 ಹೋದಾಗ 74ಎಚ್‌ಸಿ245 ಹಾಕಿದ್ದು ನನ್ನ ಪೆದ್ದುತನ. ಎರಡೂ ಬೋರ್ಡಿನಲ್ಲಿ ಡೇಟಾ ದಾಟಿಸುವ ಚಿಪ್ಪೇ, ನಡುವಿನ ಅಕ್ಷರ ಅದರ ತಳಿ ಹೇಳುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಂತುಬಿಡುತ್ತಿತ್ತು. ಎಲ್‌ಎಸ್ ಚಿಪ್ 'ಒಂದು' ಅಂತ ಹೇಳುವಾಗ 2.7 ವೋಲ್ಟ್ ಗ್ಯಾರಂಟಿ ಕೊಡುತ್ತದೆ. ಎಚ್‌ಸಿಗೆ ಅದನ್ನು 'ಒಂದು' ಅಂತ ಒಪ್ಪಲು 3.5 ವೋಲ್ಟ್ ಬೇಕು. ಎಚ್‌ಸಿಟಿಗೆ 2 ಸಾಕು. ಆ ಒಂದು 'ಟಿ' ಇರುವ ಚಿಪ್ ಹಾಕಿ ಎರಡು ವರ್ಷವಾಯಿತು, ತಂಟೆಯಿಲ್ಲ.

ಈಗಲೂ ತಯಾರಾಗುವ ಡಬ್ಲ್ಯೂ65ಸಿ02ಎಸ್ ನನಗೆ ಅಚ್ಚುಮೆಚ್ಚು. ಅದು ಹಳೇ 6502 ಪ್ರೊಸೆಸರಿನ ಹೊಸ ರೂಪ. ಆದರೆ ಹಳೇ 6502 ತೆಗೆದು ಹಾಗೇ ಚುಚ್ಚಬೇಡಿ. ಹಳೆಯದರ 1ನೇ ಪಿನ್ ಗ್ರೌಂಡ್, ಹೊಸದರಲ್ಲಿ ಅದು ಔಟ್‌ಪುಟ್, ಹಾಗೇ ಚುಚ್ಚಿದರೆ ಗ್ರೌಂಡಿಗೆ ಶಾರ್ಟ್. ನಾನು ನಡುವೆ ಇನ್ನೊಂದು ಸಾಕೆಟ್ ಇಟ್ಟು ಅದರ 1ನೇ ಕಾಲು ಕತ್ತರಿಸಿದೆ. ಬಸ್ (ಅಡ್ರೆಸ್, ಡೇಟಾ ಲೈನುಗಳು) ಆನ್ ಮಾಡುವ 36ನೇ ಪಿನ್ನಿಗೆ ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಟ್ಟೆ. ಹಳೇ ಚಿಪ್ಪಿನ ಗುಟ್ಟಿನ ಆಪ್‌ಕೋಡ್ (ಕೈಪಿಡಿಯಲ್ಲಿ ಹೇಳಿರದ ಆದೇಶ) ಬಳಸುವ ಕೆಲವು ಆಟಗಳು ಹೊಸದರಲ್ಲಿ ಓಡುವುದಿಲ್ಲ. ಆಟಕ್ಕೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯ ಅಲ್ವಲ್ಲ, ಯೋಚಿಸಿ ತಗೊಳ್ಳಿ.

ನಮಗೆ ಬೇಕಾದ ಲಾಜಿಕ್ ತುಂಬಿಕೊಳ್ಳುವ ಚಿಪ್ ಗ್ಯಾಲ್16ವಿ8 ಜಾಗಕ್ಕೆ ಎಟಿಎಫ್16ವಿ8 ಸಲೀಸು. ಅದನ್ನು ತುಂಬುವ ಸಾಧನದಲ್ಲಿ (ಪ್ರೋಗ್ರಾಮರ್) ಸರಿಯಾದ ಚಿಪ್ ಹೆಸರು ಆರಿಸಿಕೊಂಡರಾಯಿತು.

ಝೈಲಾಗ್ ಕಂಪನಿ 2024ರಲ್ಲಿ ಝಡ್80 ಪ್ರೊಸೆಸರ್ ತಯಾರಿಕೆ ನಿಲ್ಲಿಸುತ್ತೇವೆ ಅಂದಾಗ ಗಾಬರಿಯಲ್ಲಿ ಎರಡು ತರಿಸಿದೆ. ಇನ್ನೂ ಕವರ್ ಒಡೆದಿಲ್ಲ.